ಚಳಿಗಾಲದ ಪ್ಯಾಕಿನ ಕೋಟು

ದೊಡ್ಡ ಟೈಲರಿಗೆ ಕನ್ನಡಕವೂ ಮೂಗಿನ ತುದಿಯಲ್ಲಿ, ಕೋಪವೂ ಮೂಗಿನ ತುದಿಯಲ್ಲಿ. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಬಾಯಲ್ಲಿ ಎರಡೋ ಮೂರೋ ಗುಂಡುಸೂಜಿ. ಬಾಯಲ್ಲಿ ಸೂಜಿ ಇದ್ದರೂ ಗಿರಾಕಿಗೆ ಬುದ್ಧಿ ಹೇಳುವುದನ್ನು ಬಿಟ್ಟವನಲ್ಲ. "ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ನಾನು ಅಳೀತಿರೋದು ನಿಮ್ಮ ಹೊಟ್ಟೆನ, ಆಸೆನಲ್ಲ" ಎಂದು ಎಷ್ಟೋ ದೊಡ್ಡ ಮನುಷ್ಯರ ಮುಖ ಸಣ್ಣಗೆ ಮಾಡಿದ್ದಾನೆ. ಅಂಥವನು ಮಧ್ಯಾಹ್ನದ ಊಟವಾದ ಮೇಲೆ, ಬೀದಿಯಲ್ಲಿ ನಾಯಿಯೂ ತಲೆ ಎತ್ತದ ಹೊತ್ತಿನಲ್ಲಿ, ಷಟರ್ ಅರ್ಧಕ್ಕೆ ಎಳೆದು, ಮೊಬೈಲನ್ನು ಹೊಲಿಗೆ ಮಿಷನ್ನಿಗೆ ಒರಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದೂಕಿನ ಆಟ ಆಡುತ್ತಾನೆಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ, ಅವನ ಹೆಂಡತಿಯೇ ನಂಬಿರಲಿಲ್ಲ. ಗಂಡ ಕದ್ದುಮುಚ್ಚಿ ಯಾರ ಜೊತೆಗೋ ಮಾತಾಡುತ್ತಾನೆಂದು ಅನುಮಾನಪಟ್ಟು ಒಂದು ದಿನ ಅಂಗಡಿಗೆ ಬಂದು ಷಟರಿನ ಕೆಳಗಿಂದ ಬಗ್ಗಿ ನೋಡಿದಳು. ಆ ಮನುಷ್ಯ "ಹಿಂದೆ ಇದ್ದಾನೆ, ಹಿಂದೆ ಇದ್ದಾನೆ" ಎಂದು ಬೆವರು ಸುರಿಸುತ್ತಿದ್ದುದನ್ನು ಕಂಡು ಸಮಾಧಾನವಾಗಿ ಮನೆಗೆ ಹೋದಳು.

ಆಟವನ್ನು ಮೊಬೈಲಿಗೆ ಹಾಕಿಕೊಟ್ಟವಳು ಅವನ ಅಕ್ಕನ ಮಗಳು. ಆಟ ಏನೆಂದರೆ, ಎಲ್ಲೆಲ್ಲಿಯದೋ ಜನ ಇಂಟರ್‌ನೆಟ್ಟಿನಲ್ಲಿ ಒಂದೇ ಊರಿಗೆ ಇಳಿಯುತ್ತಾರೆ, ಇಬ್ಬಿಬ್ಬರ ಜೋಡಿ, ಒಬ್ಬರನ್ನೊಬ್ಬರು ಹುಡುಕಿ ಹುಡುಕಿ ಗುಂಡು ಹೊಡೆಯುತ್ತಾರೆ, ಕೊನೆಗೆ ಉಳಿದ ಜೋಡಿ ಗೆದ್ದ ಹಾಗೆ. ರಜಕ್ಕೆ ಬಂದಿದ್ದ ಹುಡುಗಿ ಇಬ್ಬರು ಸೋದರಮಾವಂದಿರನ್ನೂ ಒಂದು ಜೋಡಿ ಮಾಡಿ, ದೊಡ್ಡವನಿಗೆ 'ಸೂಜಿ', ಚಿಕ್ಕವನಿಗೆ 'ದಾರ' ಎಂದು ಹೆಸರಿಟ್ಟು, ರಜ ಮುಗಿದ ಕೂಡಲೇ ತಾನು ಬೇರೆ ಯಾವುದೋ ಆಟಕ್ಕೆ ಹೋದಳು. ಇವರಿಬ್ಬರು ಮಾತ್ರ ಅಲ್ಲೇ ಅಂಟಿಕೊಂಡರು. ಆಗ ಅಂಗಡಿ ಒಂದೇ ಇತ್ತು. ಅಪ್ಪನ ಕಾಲದ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುವುದು, ತಮ್ಮ ಹೊಲಿಯುವುದು.

ಕೋಟು ಹೊಲಿಯುವವರಲ್ಲಿ ಒಂದು ಪದ್ಧತಿ ಇದೆ. ಗಿರಾಕಿಯ ಎದುರಿಗೆ ಹೊಲಿಗೆ ಬಿಚ್ಚಬಾರದು. ತಪ್ಪು ಕಂಡರೆ, "ಒಂಚೂರು ಇಸ್ತ್ರಿ ಆಗ್ಬೇಕು ಸಾರ್" ಎಂದು ಸುಳ್ಳು ಹೇಳಿ ಕೋಟನ್ನು ಒಳಗೊಯ್ದು ಪರದೆಯ ಹಿಂದೆ ಬಿಚ್ಚಬೇಕು. ಅಪ್ಪ ಇದನ್ನು ಇಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದ. ಚಿಕ್ಕ ಟೈಲರ್ ಮೊದಲ ಸಲ ತಾನೇ ಕತ್ತರಿಸಿ ತಾನೇ ಹೊಲಿದ ಕೋಟು ಒಬ್ಬ ವಕೀಲರದು. ವಕೀಲರು ಕನ್ನಡಿಯ ಮುಂದೆ ನಿಂತು ಹಾಗೊಮ್ಮೆ ಹೀಗೊಮ್ಮೆ ತಿರುಗಿ, ಇನ್ನೇನು ಮೆಚ್ಚಿಕೊಳ್ಳುವುದರಲ್ಲಿದ್ದರು. ಅಷ್ಟರಲ್ಲಿ ದೊಡ್ಡ ಟೈಲರನ ಕಣ್ಣಿಗೆ ಎಡತೋಳಿನ ಬುಡದಲ್ಲೊಂದು ಸುಕ್ಕು ಬಿತ್ತು. ಕೈ ಸುಮ್ಮನಿರಬೇಕಲ್ಲ. ಬ್ಲೇಡ್ ತೆಗೆದವನೇ, ವಕೀಲರು ಕೋಟು ತೊಟ್ಟು ನಿಂತ ಹಾಗೆಯೇ, ಹೆಗಲ ಹೊಲಿಗೆಯನ್ನು ಪರ್ರನೆ ಬಿಚ್ಚಿಬಿಟ್ಟ. ತೋಳು ಜಾರಿ ಮೊಣಕೈಗೆ ಬಂತು. ವಕೀಲರು ನಕ್ಕು, "ಏನಪ್ಪಾ, ತಮ್ಮ ಇನ್ನೂ ಕಲೀತಾ ಇದ್ದಾನಾ?" ಎಂದರು. ಚಿಕ್ಕ ಟೈಲರ್ ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಮೇಲೆ ಬಂದವನು ಬಡಗಿ. ಅಂಗಡಿಯ ನಟ್ಟನಡುವೆ ಪ್ಲೈವುಡ್ ನಿಂತಿತು. ಮಿಷನ್ನು ಹಂಚಿಕೆಯಾಯಿತು, ಕತ್ತರಿಗಳು ಹಂಚಿಕೆಯಾದವು, ಕೊನೆಗೆ ಮೇಲಿದ್ದ 'ಜೆಂಟ್ಸ್ ಟೈಲರ್ಸ್' ಬೋರ್ಡನ್ನೂ ಗರಗಸ ಹಾಕಿ ಕೊಯ್ದರು. ಚಿಕ್ಕವನ ಪಾಲಿಗೆ 'ಟೈಲರ್ಸ್' ಬಂತು, ದೊಡ್ಡವನ ಪಾಲಿಗೆ 'ಜೆಂಟ್ಸ್'. ಅವತ್ತಿನಿಂದ ಬಸ್ ಇಳಿದು ಅವಸರದ ಮುಖ ಹೊತ್ತ ಗಂಡಸರು ಸೀದಾ ಅವನ ಅಂಗಡಿಗೆ ನುಗ್ಗುತ್ತಾರೆ. ಅವನು ಬಟ್ಟೆಯಿಂದ ತಲೆ ಎತ್ತದೆಯೇ "ಅದು ಆ ಕಡೆ, ಬೇಕರಿ ಹಿಂದೆ" ಎನ್ನುತ್ತಾನೆ. ಬೋರ್ಡ್ ಬದಲಾಯಿಸಬಹುದಲ್ಲ ಎಂದರೆ, ಮೊದಲು ಬದಲಾಯಿಸಿದವನು ಪಾಲು ಆದದ್ದನ್ನು ಒಪ್ಪಿಕೊಂಡ ಹಾಗಾಗುತ್ತದಂತೆ.

ಎರಡು ಕಡೆಗೂ ಸೇರಿದವನು ಒಬ್ಬನೇ: ಕಾಜದ ತಾತ. ಅಪ್ಪನ ಕಾಲದಿಂದ ಈ ಅಂಗಡಿಯ ಬಟ್ಟೆಗಳಿಗೆ ಗುಂಡಿ ತೂರುವ ತೂತು ಮಾಡಿ ಕಾಜ ಹಾಕುವವನು. ಪ್ಲೈವುಡ್ ಮುಗಿಯುವ ಕಡೆ ಮೆಟ್ಟಿಲ ಮೇಲೆ, ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಚಾಚಿ ಕೂರುತ್ತಾನೆ. ಎಡಗಡೆಯಿಂದ ಬಂದ ಷರ್ಟನ್ನು ಎಡಗಡೆಗೇ ಎಸೆಯುತ್ತಾನೆ, ಬಲಗಡೆಯದನ್ನು ಬಲಗಡೆಗೆ. ಆ ಕಡೆಯ ಸುದ್ದಿ ಈ ಕಡೆ ಹೇಳಿದವನಲ್ಲ.

ಮಾತು ಬಿಟ್ಟುಹೋಯಿತು, ಮನೆಗೆ ಹೋಗಿಬರುವುದು ಬಿಟ್ಟುಹೋಯಿತು. ಆದರೆ ಆಟದ ಜೋಡಿಯನ್ನು ಯಾರೂ ಬಿಡಲಿಲ್ಲ. 'ಜೋಡಿಯಿಂದ ಹೊರಹೋಗು' ಎಂಬ ಗುಂಡಿ ಇಬ್ಬರ ಮೊಬೈಲಿನಲ್ಲೂ ಇತ್ತು. ಒತ್ತಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಪ್ಲೈವುಡ್ ನಿಂತ ಮೇಲೆ ಮೊದಲ ಸಲ ದೊಡ್ಡ ಟೈಲರ್ ಆಟ ತೆರೆದಾಗ 'ದಾರ' ಅಲ್ಲೇ ಹಸಿರು ಚುಕ್ಕೆ ಹೊತ್ತು ಕಾಯುತ್ತಿದ್ದ. ಇಬ್ಬರೂ ಸುಮ್ಮನೆ ಇಳಿದರು, ಸುಮ್ಮನೆ ಓಡಿದರು. ಕೊನೆಗೆ ಇಯರ್‌ಫೋನಿನಲ್ಲಿ ತಮ್ಮನ ದನಿ ಬಂತು: "ಎಡಗಡೆ ಒಬ್ಬ." ಆಟದ ಮಾತು ಮಾತಲ್ಲ ಎಂದು ಇಬ್ಬರೂ ಹೇಳದೆಯೇ ಒಪ್ಪಿಕೊಂಡರು. ದಿನ ಕಳೆದಂತೆ ಆ ಮಾತಿನ ಸಂದಿಯಲ್ಲಿ ಬೇರೆ ಮಾತೂ ನುಸುಳತೊಡಗಿತು.

"ಮಹಡಿ ಮೇಲೆ ಇಬ್ರು. ಪಾಪು ಜ್ವರ ಇಳೀತಾ?"

"ಇಳೀತು. ಬಾಗಿಲ ಹತ್ರ ಹೋಗ್ಬೇಡ. ರಾತ್ರಿಯೆಲ್ಲಾ ದೊಡ್ಡಪ್ಪ ದೊಡ್ಡಪ್ಪ ಅಂತಿದ್ಲು."

"ಗುಂಡು ಖಾಲಿ. ನಾಳೆ ಕಾಜದ ತಾತನ ಹತ್ರ ಒಂದು ಫ್ರಾಕ್ ಇಟ್ಟಿರ್ತೀನಿ. ಹಿಂದೆ ನೋಡು, ಹಿಂದೆ."

ಪ್ಲೈವುಡ್ ತೆಳ್ಳಗಿತ್ತು. ತಮ್ಮ ಆ ಕಡೆ ಬಾಯಿ ತೆರೆದರೆ ಮಾತು ಮೊದಲು ಪ್ಲೈವುಡ್ಡಿನ ಮೂಲಕ ಬರುತ್ತಿತ್ತು. ಯಾವ ದೇಶಕ್ಕೋ ಹೋಗಿ ಸುತ್ತಿ ಇಯರ್‌ಫೋನಿಗೆ ಬರುವಾಗ ಒಂದು ಉಸಿರಿನಷ್ಟು ತಡ. ಆದರೆ ಪ್ಲೈವುಡ್ಡಿನಲ್ಲಿ ಬಂದದ್ದಕ್ಕೆ ಉತ್ತರ ಕೊಟ್ಟರೆ ಅದು ಎದುರೆದುರು ಮಾತಾಡಿದ ಹಾಗಾಗುತ್ತದೆ. ಹಾಗಾಗಿ ಪ್ಲೈವುಡ್ಡಿನಲ್ಲಿ "ಅಣ್ಣ, ಬಗ್ಗು" ಎಂದು ಸ್ಪಷ್ಟವಾಗಿ ಕೇಳಿಸಿದರೂ ದೊಡ್ಡ ಟೈಲರ್ ಬಗ್ಗುತ್ತಿರಲಿಲ್ಲ. ಇಯರ್‌ಫೋನಿನಲ್ಲಿ ಅದೇ ಮಾತು ಬರುವವರೆಗೆ ಮರ್ಯಾದೆಯಿಂದ ಕಾಯುತ್ತಿದ್ದ, ಅಷ್ಟರಲ್ಲಿ ಗುಂಡು ತಗುಲಿ ಸಾಯುತ್ತಿದ್ದ. ತಮ್ಮನೂ ಹಾಗೆಯೇ. ಈ ಒಂದು ಹಟಕ್ಕೆ ಇಬ್ಬರೂ ಎಷ್ಟು ಸಲ ಪ್ರಾಣ ಬಿಟ್ಟಿದ್ದಾರೋ ಲೆಕ್ಕವಿಲ್ಲ. ಗೆಲ್ಲುವುದು ಯಾರಿಗೆ ಬೇಕಿತ್ತು ಹೇಳಿ. ಅಣ್ಣತಮ್ಮಂದಿರಿಗೆ ಉಳಿದಿದ್ದದ್ದು ಇದೊಂದೇ ದಾರಿ. ಇದೂ ಮುಚ್ಚಿದರೆ ತಮ್ಮ ಪೂರ್ತಿ ಕೈತಪ್ಪಿ ಹೋಗುತ್ತಾನೆಂದು ದೊಡ್ಡ ಟೈಲರಿಗೆ ಚೆನ್ನಾಗಿ ಗೊತ್ತಿತ್ತು.

ಆಟದಲ್ಲಿ ಕೊರತೆಗೇನೂ ಕೊರತೆ ಇರಲಿಲ್ಲ. ಗೆಲ್ಲುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೊಂದು ಚಕ್ರ ತಿರುಗುತ್ತ ನಿಲ್ಲುತ್ತಿತ್ತು. ಸತ್ತವನು ಎದ್ದು ಹೊಡೆಯುತ್ತಿದ್ದ, ಹೊಡೆದವನು ನೆಲದೊಳಗೆ ಇಳಿದುಹೋಗುತ್ತಿದ್ದ. ವಾರಕ್ಕೊಂದು ಅಪ್‌ಡೇಟು, ಪ್ರತಿ ಅಪ್‌ಡೇಟಿಗೂ ಜಾಗ ಸಾಲದು. ದೊಡ್ಡ ಟೈಲರ್ ಹೆಂಡತಿಯ ತಂಗಿಯ ಮದುವೆ ಫೋಟೋಗಳನ್ನೆಲ್ಲ ಒಂದೊಂದಾಗಿ ಅಳಿಸಿ ಜಾಗ ಮಾಡಿಕೊಟ್ಟ. ಆ ವಿಷಯ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಮೊಬೈಲು ಕಾದು ಕೈ ಸುಡುತ್ತಿತ್ತು. ಇದನ್ನೆಲ್ಲ ಅವನು ಹಲ್ಲು ಕಚ್ಚಿ ಸಹಿಸಿಕೊಂಡ. ಸಹಿಸಲಾಗದ್ದು ಒಂದೇ, ಪುಕ್ಕಟೆಯಾಗಿ ಕೊಟ್ಟಿದ್ದ ಸಮವಸ್ತ್ರ. ಹೆಗಲು ಇಳಿಬಿದ್ದಿತ್ತು. ಜೇಬು ಒಂದು ಮೇಲೆ, ಇನ್ನೊಂದು ಕೆಳಗೆ. ಗುಂಡಿಗಳು ಹೆಂಗಸರ ಉಡುಪಿನ ಹಾಗೆ ಎಡಗಡೆಗಿದ್ದವು.

"ಇದನ್ನ ಹೊಲಿದವನ ಕೈಗೆ ಕತ್ತರಿ ಕೊಟ್ಟವರು ಯಾರೋ?" ಎಂದು ಯುದ್ಧದ ನಡುವೆ ಕೇಳುತ್ತಿದ್ದ.

"ಹೊಲಿದಿದ್ದಲ್ಲ ಅಣ್ಣ, ಬರೆದಿದ್ದು. ಬಲಗಡೆ ಒಬ್ಬ," ಎನ್ನುತ್ತಿದ್ದ ತಮ್ಮ.

ಹೀಗಿರುವಾಗ ಆಟದೊಳಗಿನ ಅಂಗಡಿಯಲ್ಲಿ 'ಚಳಿಗಾಲದ ಪ್ಯಾಕ್' ಎಂಬುದೊಂದು ಬಂತು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಹೊಸ ಬಂದೂಕು, ಹಿಮ ಬೀಳುವ ಹೊಸ ಊರು, ಮತ್ತೊಂದು ಕೋಟು. ಬಂದೂಕು, ಊರುಗಳ ಕಡೆ ದೊಡ್ಡ ಟೈಲರ್ ತಿರುಗಿಯೂ ನೋಡಲಿಲ್ಲ. ಕೋಟಿನ ಚಿತ್ರ ಕಂಡು ಅವನ ಬಾಯಿಂದ ಗುಂಡುಸೂಜಿ ಕೆಳಗೆ ಬಿತ್ತು. ಮೊಣಕಾಲಿನವರೆಗೆ ಇಳಿದ ಚೌಕಳಿ ಕೋಟು. ಕಾಲರ್ ಕತ್ತಿನ ಹಿಂದೆ ಅಂಟಿ ಕೂತಿತ್ತು. ಹೆಗಲ ಹೊಲಿಗೆ ಹೆಗಲ ಮೇಲೇ ಇತ್ತು. ಎಲ್ಲಕ್ಕಿಂತ ಮಿಗಿಲಾಗಿ, ಜೇಬಿನ ಮೇಲಿನ ಚೌಕಳಿ ಕೋಟಿನ ಚೌಕಳಿಗೆ ಗೆರೆಗೆ ಗೆರೆ ಕೂಡಿತ್ತು. ಈ ಕೆಲಸ ಮಾಡಲು ಕೂತರೆ ಕಣ್ಣು ಇಂಗಿಹೋಗುತ್ತದೆ. ಬಟ್ಟೆ ಕಡಿಮೆ ಬಿದ್ದಾಗ ಅವನೇ ಗೆರೆ ಕೂಡಿಸದೆ ಕಳ್ಳತನ ಮಾಡಿದ್ದುಂಟು. ಒಳ್ಳೆಯ ಕೆಲಸಕ್ಕೆ ಕೂಲಿ ಕೊಡದಿದ್ದರೆ ಹೇಗೆ ಎಂದುಕೊಂಡು, ಹಿಂದುಮುಂದು ನೋಡದೆ ಕೊಂಡುಬಿಟ್ಟ. ಮೊಬೈಲು ಗಂಟೆ ಬಾರಿಸಿದ ಹಾಗೆ ಠಣ್ ಎಂದಿತು.

ಕೋಟು ತೊಟ್ಟು ನಿಂತದ್ದೇ ತಡ, ಆಟ ಅವನನ್ನು ಎತ್ತಿ ಹಿಮದ ಊರಿನಲ್ಲಿ ಹಾಕಿತು. ಪಕ್ಕದಲ್ಲಿ ಜೋಡಿಯಾಗಿ ಯಾರೋ ಅಪರಿಚಿತ. ತಮ್ಮನ ಹೆಸರಿನ ಮೇಲೆ ಒಂದು ಬೀಗದ ಚಿತ್ರ ಬಂದು ಕೂತಿತ್ತು. ಬೀಗ ಒತ್ತಿದರೆ, 'ಪ್ಯಾಕ್ ಕೊಂಡವರು ಪ್ಯಾಕ್ ಕೊಂಡವರ ಜೊತೆ ಮಾತ್ರ ಆಡಬಹುದು' ಎಂಬ ಒಕ್ಕಣೆ. ಹಳೆಯ ಊರಿಗೆ ಹೋಗುವ ದಾರಿ ಹುಡುಕಿದ. ಇರಲಿಲ್ಲ. ಕೋಟು ಬಿಚ್ಚಿಡಲು ನೋಡಿದ. ಕೋಟು ಬಿಚ್ಚಿಡಲು 'ಉಡುಪಿನ ಬೀರು' ಎಂಬ ಇನ್ನೊಂದು ಪ್ಯಾಕ್ ಕೊಳ್ಳಬೇಕಂತೆ, ಅದು ಬೇಸಿಗೆಗೆ ಬರುತ್ತದಂತೆ. ದೊಡ್ಡ ಟೈಲರನ ಪಿತ್ತ ನೆತ್ತಿಗೇರಿತು. ಆ ಕಡೆಯಿಂದ ತಮ್ಮನ ಕುರ್ಚಿ ಕಿರ್ ಎಂದದ್ದು, ತಮ್ಮ ಒಂದೆರಡು ಸಲ "ಅಣ್ಣ?" ಎಂದದ್ದು ಪ್ಲೈವುಡ್ಡಿನಲ್ಲಿ ಕೇಳಿಸಿತು. ಇಯರ್‌ಫೋನಿನಲ್ಲಿ ಬರಲಿಲ್ಲ. ಬರದ ಮಾತಿಗೆ ಉತ್ತರ ಕೊಡುವುದು ಹೇಗೆ? ಸ್ವಲ್ಪ ಹೊತ್ತಾದ ಮೇಲೆ ಆ ಕಡೆ ಮಿಷನ್ನು ಶುರುವಾಯಿತು. ಪೆಡಲ್ ತುಳಿಯುವ ರಭಸ ಕೇಳಿಯೇ ಗೊತ್ತಾಯಿತು, ಅಣ್ಣ ತನ್ನನ್ನು ಕೈಬಿಟ್ಟ ಎಂದುಕೊಂಡಿದ್ದಾನೆ ತಮ್ಮ.

ನೋಡಿ ಈ ಪೀಕಲಾಟ. ಪ್ಯಾಕ್ ತಗೊಳ್ಳೋ ಎಂದು ತಮ್ಮನಿಗೆ ಹೇಳಬೇಕಾದರೆ ಆಟದಲ್ಲಿ ಹೇಳಬೇಕು. ಆಟದಲ್ಲಿ ಸಿಗಬೇಕಾದರೆ ಅವನು ಪ್ಯಾಕ್ ತಗೊಂಡಿರಬೇಕು. ದೊಡ್ಡ ಟೈಲರ್ ಕಾಜದ ತಾತನ ಹತ್ತಿರ ಹೋಗಿ, ಸುಮ್ಮನೆ ಮಾತಿಗೆ ಬಂದವನ ಹಾಗೆ ನಿಂತ.

"ತಾತ, ಒಂದು ಮಾತು ಆ ಕಡೆ ಮುಟ್ಟಿಸ್ತೀಯಾ?"

"ನನ್ನ ಕೆಲಸ ತೂತು ಮಾಡೋದಪ್ಪ," ಎಂದ ತಾತ, ದಾರ ಕಡಿಯುತ್ತ. "ಕೂಡಿಸೋರು ನೀವು."

ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದ. ಆಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು.

"ಪಕ್ಕದಲ್ಲೇ ಕೂತಿರೋ ತಮ್ಮನ್ನ ಹುಡುಕೋಕೆ ಹಿಮದ ಊರಿಗೆ ಹೋಗಿದ್ದೀರಾ?"

"ನಿನಗೆ ಅರ್ಥ ಆಗಲ್ಲ ಬಿಡು."

"ಹೌದು ರೀ, ನನಗೆ ಅರ್ಥ ಆಗಲ್ಲ. ನಾನು ಅವನ ಹೆಂಡತಿ ಜೊತೆ ದಿನಾ ಫೋನಲ್ಲಿ ಮಾತಾಡ್ತೀನಿ. ಬಂದೂಕು ಗಿಂದೂಕು ಏನೂ ಬೇಕಾಗಿಲ್ಲ ನಮಗೆ."

ಅವಳ ಮೂಲಕ ಹೇಳಿ ಕಳಿಸಬಹುದಿತ್ತು. ಹೇಳಿಕಳಿಸಿದರೆ ಅಣ್ಣನೇ ಮೊದಲು ಬಾಗಿದ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಅದು ಅವನ ಗಂಟಲಲ್ಲಿ ಇಳಿಯಲಿಲ್ಲ.

ಆಟದಲ್ಲಿ 'ಸಹಾಯ' ಎಂಬ ಗುಂಡಿ ಇತ್ತು. ದೊಡ್ಡ ಟೈಲರ್ ಕನ್ನಡಕ ಒರೆಸಿಕೊಂಡು ಒಂದೇ ಬೆರಳಿನಲ್ಲಿ ಬರೆದ: 'ಸ್ವಾಮಿ, ಕೋಟು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ತೊಟ್ಟ ಮೇಲೆ ತಮ್ಮನ ಜೊತೆ ಆಡಲು ಬಿಡುತ್ತಿಲ್ಲ. ಅಲ್ಲದೆ ಬಾಗಿಲು ದಾಟುವಾಗ ಹಿಂದಿನ ಅಂಚು ಬಾಗಿಲಿಗೆ ಸಿಕ್ಕಿಕೊಂಡು ನಾನು ಅಲ್ಲೇ ನೇತಾಡುತ್ತೇನೆ. ವಾಪಸ್ ತಗೊಳ್ಳಿ.' ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 'ನಿಮ್ಮ ಅನುಭವ ನಮಗೆ ಬಹಳ ಮುಖ್ಯ. ದಯವಿಟ್ಟು ಆಟವನ್ನು ಅಳಿಸಿ ಮತ್ತೆ ಹಾಕಿಕೊಳ್ಳಿ.' ಅಳಿಸಿದ. ಮತ್ತೆ ಹಾಕಿಕೊಂಡ. ತಿಂಗಳ ಡೇಟಾ ಎಲ್ಲ ಅದಕ್ಕೇ ಮುಗಿಯಿತು. ಹಿಮದ ಊರಿಗೆ ಇಳಿದು ಮೊದಲ ಬಾಗಿಲು ದಾಟುವಾಗಲೇ ಕೋಟು ಮತ್ತೆ ಕಚ್ಚಿಕೊಂಡಿತು.

ಅವನು ಮತ್ತೆ ಬರೆದ: 'ಗಿರಾಕಿ ಬಂದು ಪ್ಯಾಂಟು ಬಿಗಿ ಎಂದರೆ, ಬಿಚ್ಚಿ ಮತ್ತೆ ಹಾಕಿಕೊಳ್ಳಿ ಸರಿಹೋಗುತ್ತದೆ ಅಂತ ನಾವು ಹೇಳುತ್ತೇವಾ?' ಉತ್ತರ: 'ನಿಮ್ಮ ಪ್ರಶ್ನೆ ಪ್ಯಾಂಟಿಗೆ ಸಂಬಂಧಿಸಿದೆ. ಹೊಸ ಪ್ಯಾಂಟುಗಳ ಪ್ಯಾಕ್ ಕೊಳ್ಳಲು ಇಲ್ಲಿ ಒತ್ತಿ.'

ಇದೂ ಆಗಲಿ ಎಂದು, ಕೋಟು ಸಿಕ್ಕಿಕೊಂಡ ಜಾಗದ ಚಿತ್ರ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ, ಎಲ್ಲಿ ಎಷ್ಟು ಮಡಚಬೇಕು, ಹಿಂದೆ ಎಷ್ಟು ಸೀಳು ಬಿಡಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ಕಳಿಸಿದ. ಮೂವತ್ತು ವರ್ಷ ಕೋಟು ಹೊಲಿದವನ ಸಲಹೆ, ಅದೂ ಬಿಟ್ಟಿಯಾಗಿ. 'ನಿಮ್ಮ ದೂರು ಬಗೆಹರಿದಿದೆ,' ಎಂದು ಬಂತು. 'ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಆವತ್ತು ಅವನು ಯಾವ ಗಿರಾಕಿಯ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅವಸರದಲ್ಲಿ ನುಗ್ಗಿ ಬಂದವನೊಬ್ಬನಿಗೆ ಬೇಕರಿಯ ದಾರಿಯನ್ನೂ ತೋರಿಸಲಿಲ್ಲ ಪಾಪ.

ಕೊನೆಗೆ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ತಮ್ಮನಿಗೆ ಹೇಳುವ ಹಾಗಿಲ್ಲ ನಿಜ. ಆದರೆ ಹಿಮದ ಊರಿನಲ್ಲಿ ಜೋಡಿಯಾಗಿ ಸಿಗುವ ಅಪರಿಚಿತರಿಗೆ ಹೇಳಿಕೊಳ್ಳಬಹುದಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿಕೊಂಡರೆ ಪ್ಲೈವುಡ್ಡಿನ ಆಚೆಗೂ ಬಿದ್ದೀತು, ಅದಕ್ಕೆ ತಾನು ಹೊಣೆಯಲ್ಲ. ಮಾರನೆಯ ಮಧ್ಯಾಹ್ನ ಇಯರ್‌ಫೋನ್ ಸಿಕ್ಕಿಸಿಕೊಂಡು, ಪ್ಲೈವುಡ್ಡಿನ ಕಡೆ ಮುಖ ಮಾಡಿ ಕೂತ.

"ಕೋಟಿನ ಆಸೆಗೆ ಈ ಪ್ಯಾಕ್ ತಗೊಂಡು ಕೆಟ್ಟೆ ಕಣಮ್ಮಾ," ಎಂದು ಬೀದಿಗೆ ಕೇಳುವ ಹಾಗೆ ಶುರುಮಾಡಿದ. "ನನ್ನ ಜೋಡಿ ಬೇರೆ ಇದ್ದ. ನಾನಾಗಿ ಬಿಟ್ಟು ಬಂದಿದ್ದಲ್ಲ. ಬೀಗ ಹಾಕಿಬಿಟ್ಟಿದ್ದಾರೆ. ಅವನೂ ಈ ಪ್ಯಾಕ್ ತಗೊಂಡ್ರೆ ಮಾತ್ರ ಸಿಗ್ತಾನೆ."

ಆವತ್ತಿನ ಜೋಡಿ ಯಾವುದೋ ಊರಿನ ಕಾಲೇಜು ಹುಡುಗಿ. "ಅಂಕಲ್, ನಂಗ್ಯಾಕೆ ಹೇಳ್ತಿದ್ದೀರಾ?" ಎಂದಳು. "ಗುಂಡು ಹೊಡೀರಿ ಮೊದಲು."

"ನಿನಗಲ್ಲಮ್ಮ ಹೇಳ್ತಿರೋದು, ನೀನು ಸುಮ್ನೆ ಕೇಳಿಸ್ಕೊಂಡಿರು," ಎಂದು ಇವನು ಅದನ್ನೇ ಇನ್ನೊಮ್ಮೆ ಇನ್ನೂ ಗಟ್ಟಿಯಾಗಿ ಹೇಳಿದ. ಹುಡುಗಿ ಗುಂಡಿ ಒತ್ತಿ ಅವನ ದನಿಯನ್ನು ಮುಚ್ಚಿದಳು. ಮೆಟ್ಟಿಲ ಮೇಲೆ ಕಾಜದ ತಾತ ಸೂಜಿಯನ್ನು ಗಾಳಿಯಲ್ಲಿ ನಿಲ್ಲಿಸಿ ಒಳಗೆ ನೋಡಿದ. ಆ ಕಡೆ ಮಿಷನ್ನು ನಿಂತಿತ್ತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ದೊಡ್ಡ ಟೈಲರ್ ಒಂದು ಪ್ಯಾಂಟಿನ ಅಂಚು ಮಡಚುತ್ತಿದ್ದಾಗ ಆಚೆಯಿಂದ ಠಣ್ ಎಂಬ ಸದ್ದು ಬಂತು. ಅದೇ ಸದ್ದು, ಪ್ಯಾಕ್ ಕೊಂಡ ಸದ್ದು. ಹೊಲಿಗೆ ಪ್ಯಾಂಟು ಬಿಟ್ಟು ತನ್ನ ಅಂಗಿಯ ತೋಳಿಗೇ ಬಿತ್ತು. ಆದರೆ ಪ್ಯಾಕ್ ಕೊಂಡರೆ ಸಾಕೇ? ಇಳಿಯಬೇಡವೇ? ಅದು ಇಳಿಯಲು ತಮ್ಮನ ಮೊಬೈಲಿನಲ್ಲಿ ಜಾಗವಿಲ್ಲ. ಆಚೆಯಿಂದ ಗೊಣಗುವುದು, ಮೊಬೈಲನ್ನು ಮೇಜಿಗೆ ಕುಕ್ಕುವುದು, 'ಜಾಗ ಇಲ್ವಂತೆ, ಜಾಗ' ಎನ್ನುವುದು ಎಲ್ಲ ಕೇಳಿಸಿತು. ಮದುವೆ ಫೋಟೋ ಅಳಿಸೋ ಎಂದು ತುಟಿಯವರೆಗೆ ಬಂದದ್ದನ್ನು ದೊಡ್ಡ ಟೈಲರ್ ನುಂಗಿಕೊಂಡ.

ಅಂತೂ ಇಂತೂ ಒಂದು ಮಧ್ಯಾಹ್ನ ಬೀಗದ ಚಿತ್ರ ಮಾಯವಾಗಿ ಹಸಿರು ಚುಕ್ಕೆ ಬಂತು. ಇಬ್ಬರೂ ಹಿಮದ ಊರಿನ ಒಂದು ಚೌಕದಲ್ಲಿ ಇಳಿದರು. ಸುತ್ತ ಮನೆಗಳು, ಮನೆಗಳ ಮೇಲೆ ಹಿಮ, ಎಲ್ಲಿ ನೋಡಿದರೂ ಗುಂಡಿನ ಸದ್ದು. ತಮ್ಮನೂ ಅದೇ ಕೋಟು ತೊಟ್ಟಿದ್ದ. ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡಿದರು.

"ಕಾಲರ್ ಚೆನ್ನಾಗಿ ಕೂತಿದೆ," ಎಂದ ತಮ್ಮ. ಮೊದಲು ಪ್ಲೈವುಡ್ಡಿನಲ್ಲಿ, ಆಮೇಲೆ ಇಯರ್‌ಫೋನಿನಲ್ಲಿ.

"ಜೇಬು ನೋಡೋ, ಚೌಕಳಿ ಹೇಗೆ ಕೂಡಿಸಿದ್ದಾನೆ."

"ಎಲ್ಲಿ, ಆ ಕಡೆ ತಿರುಗು."

ತಿರುಗಿದ. ತಮ್ಮ ಹಿಂದೆ ಹೋಗಿ ಬೆನ್ನಿನ ನಡುಹೊಲಿಗೆ ನೋಡಿದ. ಅಣ್ಣ ತಮ್ಮನ ಪಕ್ಕಕ್ಕೆ ಬಂದು ತೋಳು ಕೂತ ಬಗೆ ನೋಡಿದ. ಬೆನ್ನಿನಲ್ಲಿ ಒಂದು ಚೌಕಳಿ ಜಾರಿದೆ ಎಂದು ತಮ್ಮ, ಇಲ್ಲ ಅದು ನೆರಳು ಎಂದು ಅಣ್ಣ. ಇಬ್ಬರೂ ಒಬ್ಬರ ಸುತ್ತ ಒಬ್ಬರು ಸುತ್ತುತ್ತಿದ್ದಾಗ ಮೂರು ದಿಕ್ಕಿನಿಂದ ಗುಂಡು ಬಂದು ಇಬ್ಬರೂ ಒಟ್ಟಿಗೆ ಹಿಮದ ಮೇಲೆ ಬಿದ್ದರು. ಹೊಡೆದವರಿಗೂ ಅನುಮಾನ ಬಂದಿರಬೇಕು, ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತು ನೋಡಿ ಹೋದರು.

ಎರಡನೆಯ ಸಲ ಇಳಿದಾಗ ಹುಷಾರಾಗಿದ್ದರು. ಓಡಿದರು, ಒಂದಿಬ್ಬರನ್ನು ಹೊಡೆದರು. ಒಂದು ಮನೆಯಿಂದ ಹೊರಬರುವಾಗ ದೊಡ್ಡ ಟೈಲರನ ಕೋಟು ಬಾಗಿಲಿಗೆ ಕಚ್ಚಿಕೊಂಡಿತು. ಮುಂದೆ ಹೋಗಲಾರ, ಹಿಂದೆ ಹೋಗಲಾರ.

"ಸಿಕ್ಕಾಕ್ಕೊಂಡೆ ಕಣೋ. ಇದರದ್ದು ಇದೇ ಗೋಳು."

"ಕೋಟು ಬಿಚ್ಚು."

"ಬಿಚ್ಚೋಕೆ ಬರಲ್ಲ."

"ನಿನಗಾ?" ಎಂದ ತಮ್ಮ. "ಬಿಚ್ಚೋದು ನಿನಗೆ ಚೆನ್ನಾಗಿ ಬರುತ್ತಲ್ಲ ಅಣ್ಣ."

ಪ್ಲೈವುಡ್ಡಿನಲ್ಲಿ ಒಮ್ಮೆ, ಇಯರ್‌ಫೋನಿನಲ್ಲಿ ಇನ್ನೊಮ್ಮೆ. ಒಂದೇ ಏಟು ಎರಡು ಸಲ ಬಿತ್ತು. ತಮ್ಮ ಬಂದೂಕು ಇಳಿಸಿ ಎದುರಿಗೇ ನಿಂತಿದ್ದ. ದೊಡ್ಡ ಟೈಲರ್ ಬಾಗಿಲಿಗೆ ನೇತಾಡುತ್ತಿದ್ದ. ಓಡಿಹೋಗುವ ಹಾಗಿರಲಿಲ್ಲ. ಮಾತು ಮರೆಸಲು ಎಡಗಡೆ ಬಲಗಡೆ ಯಾರಾದರೂ ಬರಲಿ ಎಂದು ನೋಡಿದ. ಯಾರೂ ಬರಲಿಲ್ಲ. ಇಷ್ಟು ದಿನ ಜ್ವರ, ಫ್ರಾಕು, ಜೇಬು, ಕಾಲರ್ ಎಂದು ಆ ವಿಷಯದ ಸುತ್ತಲೇ ಸುತ್ತಿದ್ದಾಗಿತ್ತು. ಕಣ್ಣು ಮುಚ್ಚಿಕೊಂಡು, ಮೆಲ್ಲಗೆ ಹೇಳಿದ.

"ಆವತ್ತು ವಕೀಲರ ಮುಂದೆ ನಾನು ಬ್ಲೇಡ್ ತೆಗೀಬಾರದಿತ್ತು ಕಣೋ. ನಿನ್ನ ಮೊದಲನೇ ಕೋಟು. ಒಳಗೆ ತಗೊಂಡು ಹೋಗ್ಬೇಕಿತ್ತು. ತಪ್ಪು ನಂದೇ. ಅಪ್ಪ ಇದ್ದಿದ್ರೆ ನನ್ನ ಕೈ ಮುರೀತಿದ್ದ."

ಕಣ್ಣು ತೆರೆದು ನೋಡಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ತಿರುಗಿ ತಿರುಗಿ ನಿಂತು, 'ಸರ್ವರ್ ಸಂಪರ್ಕ ಕಡಿದುಹೋಗಿದೆ' ಎಂದಿತು. ಯಾವಾಗ ಕಡಿಯಿತೋ ದೇವರೇ ಬಲ್ಲ. ಆಟವನ್ನೂ, ಆಟ ಮಾಡಿದವರನ್ನೂ, ಅವರ ನಕ್ಷತ್ರಗಳನ್ನೂ ಅವನು ಮನಸ್ಸಿನಲ್ಲೇ ವಾಚಾಮಗೋಚರ ಬೈದ. ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಕೂತಿದ್ದದ್ದು ಇದ್ದಕ್ಕಿದ್ದಂತೆ ಬಾಯಿಗೆ ಬಂದಿತ್ತು, ಅದು ಯಾವ ಗಾಳಿಗೆ ಹೋಯಿತೋ. ಮತ್ತೊಮ್ಮೆ ಹೇಳಲು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು. ಆಚೆ ಮಿಷನ್ನಿನ ಸದ್ದಿಲ್ಲ, ಕುರ್ಚಿಯ ಸದ್ದಿಲ್ಲ.

"ಕೇಳಿಸ್ತು," ಎಂದಿತು ಪ್ಲೈವುಡ್.

ದೊಡ್ಡ ಟೈಲರ್ ಅಭ್ಯಾಸಬಲದಿಂದ ಇಯರ್‌ಫೋನಿನಲ್ಲಿ ಅದು ಎರಡನೆಯ ಸಲ ಬರಲೆಂದು ಕಾದ. ಬರಲಿಲ್ಲ. ಆಟವೇ ಇರಲಿಲ್ಲವಲ್ಲ, ಬರುವುದೆಲ್ಲಿಂದ? ಅವನು ನಿಧಾನವಾಗಿ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

"ಆದ್ರೆ ಆ ತೋಳು ಸರಿಯಾಗೇ ಇತ್ತು," ಎಂದ ತಮ್ಮ ಆಚೆಯಿಂದ.

"ಸುಕ್ಕಿತ್ತು ಕಣೋ. ನಾನೇ ಕಣ್ಣಾರೆ ನೋಡಿದ್ದೀನಿ."

"ವಕೀಲರು ಕೈ ಎತ್ತಿದ್ರು. ಕನ್ನಡಿ ನೋಡ್ಕೊಂಡು ತಲೆ ಕೂದಲು ಸರಿ ಮಾಡ್ಕೋತಿದ್ರು. ಕೈ ಎತ್ತಿದ್ರೆ ಯಾರು ಹೊಲಿದಿದ್ರೂ ಸುಕ್ಕು ಬೀಳುತ್ತೆ ಅಣ್ಣ."

ದೊಡ್ಡ ಟೈಲರಿಗೆ ಆವತ್ತಿನ ಕನ್ನಡಿ ಕಣ್ಣಿಗೆ ಕಟ್ಟಿತು. ವಕೀಲರು, ಅವರ ಎಡಗೈ, ಕಿವಿಯ ಮೇಲೆ ಕೂದಲು ನೀವುತ್ತಿದ್ದ ಬೆರಳು. ಹೌದು, ಕೈ ಎತ್ತಿದ್ದರು. ಎತ್ತಿದ ಕೈಯ ತೋಳಿಗೆ ತಾನು ಬ್ಲೇಡ್ ಹಾಕಿದ್ದ. ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗನೂ ಮಾಡದ ತಪ್ಪು. ಬಿಚ್ಚಿದ ರೀತಿ ತಪ್ಪು, ಆದರೆ ಬಿಚ್ಚಿದ್ದು ಸರಿ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಈಗ ನೋಡಿದರೆ ಕೋಟಿನಲ್ಲಿ ಐಬೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು, ಕಿವಿಯ ತುದಿಯವರೆಗೂ ಬಿಸಿಯಾಯಿತು.

"ಅದನ್ನ ಆವತ್ತೇ ಯಾಕೋ ಹೇಳ್ಲಿಲ್ಲ?"

"ನೀನು ಹೇಳೋಕೆ ಬಿಟ್ರೆ ತಾನೆ."

ದೊಡ್ಡ ಟೈಲರ್ ಷಟರನ್ನು ಪೂರ್ತಿ ಎತ್ತಿ ಬೀದಿಗೆ ಇಳಿದ. ಕಾಜದ ತಾತ ಏನೂ ಕೇಳದೆ ಕಾಲು ಮಡಚಿಕೊಂಡ. ಪಕ್ಕದ ಬಾಗಿಲಿನಲ್ಲಿ ನಿಂತು ನೋಡಿದರೆ, ತಮ್ಮ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಪ್ಲೈವುಡ್ಡಿನ ಕಡೆಗೇ ತಿರುಗಿ ಕೂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಆಟದಲ್ಲಿ ಅದು ಕಂಡಿರಲಿಲ್ಲ.

"ಈಗ ಹೇಳು," ಎಂದ ದೊಡ್ಡ ಟೈಲರ್.

ತಮ್ಮ ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ತೆಗೆದು ಕೆಳಗಿಟ್ಟು, ಸ್ಟೂಲನ್ನು ಅಣ್ಣನ ಕಡೆಗೆ ನೂಕಿದ.